ಕೇಳದೆ ಒಪ್ಪಿದ ತಪ್ಪು: ಕುಟ್ಸೀಯವರ ‘ಡಿಸ್‌ಗ್ರೇಸ್’ ಕಾದಂಬರಿಯಲ್ಲಿ ಪ್ರಾಧ್ಯಾಪಕನ ವಿಚಾರಣೆ

ಉಪಾಧ್ಯಾಯನಾದವನು ತನ್ನ ವೃತ್ತಿಧರ್ಮವನ್ನು ಮೀರಿ ನಡೆದಾಗ ಅವನನ್ನು ವಿಚಾರಿಸತಕ್ಕವರು ಯಾರು, ಅವರು ವಿಚಾರಿಸತಕ್ಕುದೇನು, ಆ ವಿಚಾರಣೆಯಿಂದ ಯಾರಿಗೆ ಏನು ದೊರೆಯಬೇಕು ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಕಚೇರಿಯ ಕಡತಗಳೊಳಗೇ ಹುಟ್ಟಿ ಅಲ್ಲಿಯೇ ಮುಗಿದುಹೋಗುತ್ತವೆ. ಕಾವ್ಯ ನಾಟಕಗಳು ಗುರುವಿನ ಮಹಿಮೆಯನ್ನು ಹಾಡಿರುವುದುಂಟು. ಗುರುದ್ರೋಹಿಯಾದ ಶಿಷ್ಯನನ್ನು ಶಪಿಸಿರುವುದೂ ಉಂಟು. ಶಿಷ್ಯದ್ರೋಹಿಯಾದ ಗುರುವನ್ನು ಸಭೆಯ ಮುಂದೆ ನಿಲ್ಲಿಸಿ ಪ್ರಶ್ನಿಸಿದ ಕೃತಿಗಳು ಮಾತ್ರ ವಿರಳ. ದಕ್ಷಿಣ ಆಫ್ರಿಕದ ಜೆ. ಎಂ. ಕುಟ್ಸೀಯವರು ಇಂಗ್ಲಿಷಿನಲ್ಲಿ ಬರೆದ ‘ಡಿಸ್‌ಗ್ರೇಸ್’ ಅಂತಹ ವಿರಳ ಕೃತಿಗಳಲ್ಲೊಂದು. 1999ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಆ ವರ್ಷವೇ ಬುಕರ್ ಪಾರಿತೋಷಕ ದೊರೆಯಿತು. ಗ್ರಂಥಕರ್ತರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇದರ ಕೀರ್ತಿಯನ್ನು ಕುರಿತು ಹೇಳಬೇಕಾದುದು ಉಳಿದಿಲ್ಲ. ಇದರೊಳಗಿನ ವಿಚಾರಣೆಯ ಪ್ರಕರಣವನ್ನು ವಾಚಕರು ಸಾಮಾನ್ಯವಾಗಿ ಓದುವ ರೀತಿ ಸರಿಯೆ ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸಬೇಕೆಂದಿದೆ.

ಕಥೆ ಸರಳವಾದುದು. ಡೇವಿಡ್ ಲೂರಿ ಕೇಪ್‌ಟೌನಿನ ಒಂದು ಕಲ್ಪಿತ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ವಯಸ್ಸು 52, ಎರಡು ಸಲ ವಿವಾಹವಾಗಿ ಎರಡು ಸಲವೂ ವಿಚ್ಛೇದನ ಪಡೆದವನು. ಆಧುನಿಕ ಭಾಷೆಗಳ ವಿಭಾಗವನ್ನು ಮುಚ್ಚಿದುದರಿಂದ, ಮನಸ್ಸಿಲ್ಲದ ವಿಷಯವನ್ನು ಬೋಧಿಸುತ್ತ, ವರ್ಷಕ್ಕೊಂದು ಬಾರಿ ಮಾತ್ರ ತನಗೆ ಪ್ರಿಯರಾದ ರೊಮ್ಯಾಂಟಿಕ್ ಕವಿಗಳನ್ನು ಪಾಠಹೇಳುತ್ತ ದಿನ ನೂಕುತ್ತಿರುತ್ತಾನೆ. ಆ ತರಗತಿಯ ವಿದ್ಯಾರ್ಥಿನಿ ಮೆಲನಿ ಐಸಾಕ್ಸ್, ವಯಸ್ಸಿನಲ್ಲಿ ಮಗಳಂಥವಳು. ಅವಳನ್ನು ಅವನು ತನ್ನ ಮನೆಗೆ ಕರೆಯುತ್ತಾನೆ. ಆಮೇಲೆ ಕರೆಯದೆಯೇ ಅವಳ ಬಿಡಾರಕ್ಕೆ ಹೋಗುತ್ತಾನೆ. ಅಲ್ಲಿ ನಡೆದುದಕ್ಕೆ ಅವಳ ಮನಸ್ಸು ಲೇಶವೂ ಒಪ್ಪಿರಲಿಲ್ಲವೆಂಬುದು ಅವನಿಗೇ ತಿಳಿದಿದೆ. ಕೆಲವು ದಿನಗಳಲ್ಲಿ ಹುಡುಗಿ ತರಗತಿಯಿಂದ ದೂರವಾಗುತ್ತಾಳೆ, ತಂದೆ ಬಂದು ನಿಲ್ಲುತ್ತಾನೆ, ದೂರು ದಾಖಲಾಗುತ್ತದೆ, ವಿಚಾರಣಾ ಸಮಿತಿ ಸೇರುತ್ತದೆ.

ಧರ್ಮಶಾಸ್ತ್ರಗಳ ಅಧ್ಯಯನ ವಿಭಾಗದ ಪ್ರಾಧ್ಯಾಪಕನಾದ ಮಥಬಾನೆ ಆ ಸಮಿತಿಯ ಅಧ್ಯಕ್ಷ. ತೀರ್ಪು ಕೊಡುವ ಅಧಿಕಾರ ಸಮಿತಿಗಿಲ್ಲ. ಶಿಫಾರಸು ಮಾಡುವುದಷ್ಟೇ ಅದರ ಕೆಲಸ. ಆರೋಪಗಳು ಎರಡು: ವಿದ್ಯಾರ್ಥಿನಿಗೆ ಕಿರುಕುಳ ಕೊಟ್ಟುದು ಒಂದು, ಹಾಜರಿ ಮತ್ತು ಪರೀಕ್ಷೆಯ ದಾಖಲೆಗಳನ್ನು ತಿದ್ದಿದುದು ಇನ್ನೊಂದು. ಲೂರಿ ಎರಡನ್ನೂ ಒಪ್ಪಿಕೊಳ್ಳುತ್ತಾನೆ. ಹುಡುಗಿಯ ಹೇಳಿಕೆಯನ್ನು ತಾನು ಓದಿಲ್ಲ, ಓದುವ ಆವಶ್ಯಕತೆಯೂ ಇಲ್ಲ, ಅವಳು ಏನು ಹೇಳಿದ್ದರೂ ತನಗೆ ಸಮ್ಮತ, ಬೇಗನೆ ಶಿಕ್ಷೆ ವಿಧಿಸಿ ಮುಗಿಸಿರಿ ಎಂಬುದು ಅವನ ನಿಲುವು. ಸಮಿತಿಯವರು ಇದರಿಂದ ತೃಪ್ತರಾಗುವುದಿಲ್ಲ. ಸ್ವಾರ್ಟ್ಸ್ ಎಂಬ ಸದಸ್ಯನು ಮೃದುವಾಗಿ ದಾರಿತೋರಲು ನೋಡುತ್ತಾನೆ. ಫರೋದಿಯಾ ರಸೂಲ್ ಎಂಬಾಕೆ, ಈತನು ಒಪ್ಪಿಕೊಳ್ಳುತ್ತಿರುವುದು ಯಾವುದನ್ನು ಎಂಬುದೇ ತಿಳಿಯದೆಂದು ಆಕ್ಷೇಪಿಸುತ್ತಾಳೆ. ಒತ್ತಾಯ ಹೆಚ್ಚಾದಾಗ ಲೂರಿಯು ತಾನು ಕಾಮದೇವನ ಕಿಂಕರನಾದೆನೆಂಬ ಅಣಕದ ಮಾತನ್ನು ತಪ್ಪೊಪ್ಪಿಗೆಯೆಂದು ಕೊಡುತ್ತಾನೆ. ಕೊನೆಗೆ ನೌಕರಿಯನ್ನು ಕಳೆದುಕೊಂಡು, ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ಮಗಳು ಲೂಸಿಯ ಮನೆಗೆ ಹೊರಟುಹೋಗುತ್ತಾನೆ.

ಈ ಪ್ರಕರಣವನ್ನು ಓದಿದ ಅನೇಕರು ಲೂರಿಯ ಪಕ್ಷ ವಹಿಸುತ್ತಾರೆ. ತಪ್ಪು ಮಾಡಿದನು, ಒಪ್ಪಿದನು, ದಂಡಕ್ಕೆ ತಲೆಬಾಗಿದನು, ಇನ್ನೇನು ಬೇಕು? ಅವನ ಅಂತರಂಗವನ್ನು ಬಗೆದು ನೋಡಲು, ಕಣ್ಣೀರನ್ನು ಕೇಳಲು ಈ ಸಮಿತಿ ಯಾರು? ಎಂಬುದು ಅವರ ವಾದ. ಇದಕ್ಕೆ ಪುಷ್ಟಿಯಾಗಿ ಅವರು ಆ ಕಾಲದ ಸತ್ಯ ಮತ್ತು ಸಾಮರಸ್ಯ ಆಯೋಗವನ್ನು ನೆನೆಯುತ್ತಾರೆ. 1995ರ ಕಾಯಿದೆಯಂತೆ ರಚಿತವಾಗಿ, ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ ಅವರ ಅಧ್ಯಕ್ಷತೆಯಲ್ಲಿ 1996ರ ಏಪ್ರಿಲಿನಿಂದ ಬಹಿರಂಗ ಸಭೆಗಳನ್ನು ನಡೆಸಿದ ಆ ಆಯೋಗದ ಕಣ್ಣೀರಿನ ಕಲಾಪಗಳನ್ನೇ ಕುಟ್ಸೀಯವರು ಈ ಸಮಿತಿಯ ರೂಪದಲ್ಲಿ ಗೇಲಿಮಾಡಿದ್ದಾರೆಂದು ಅವರ ಅಭಿಪ್ರಾಯ.

ಈ ಹೋಲಿಕೆ ನಮಗೆ ತಲೆಕೆಳಗಾಗಿ ತೋರುತ್ತದೆ. ಆಯೋಗದ ಮುಂದೆ ಕ್ಷಮಾದಾನವನ್ನು ಬೇಡಿದವನು ಪಶ್ಚಾತ್ತಾಪವನ್ನು ತೋರಿಸಬೇಕೆಂದು ಆ ಕಾಯಿದೆ ವಿಧಿಸಿರಲಿಲ್ಲ. ಕೃತ್ಯವು ರಾಜಕೀಯ ಉದ್ದೇಶದ್ದಾಗಿರಬೇಕು, ಮತ್ತು ಮಾಡಿದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕು. ಕ್ಷಮೆಗೆ ಮುಖ್ಯವಾದ ನಿಬಂಧನೆಗಳು ಇವು. ಎದೆಯೊಳಗೆ ಏನಿದೆ ಎಂಬುದನ್ನು ಬಿಟ್ಟು ಕೈ ಏನು ಮಾಡಿತು ಎಂಬುದನ್ನು ಕಾಯಿದೆ ಕೇಳಿತು. ಮಗನು ಯಾವ ಠಾಣೆಯಲ್ಲಿ ಸತ್ತನು, ಎಲ್ಲಿ ಹೂಳಿದರು ಎಂಬುದು ತಿಳಿದರೆ ತಾಯಿಗೆ ಅಷ್ಟಾದರೂ ದೊರೆತಂತಾಯಿತು. ಈ ಅಳತೆಯಿಂದ ನೋಡಿದರೆ ಲೂರಿ ಕೊಡಲೊಲ್ಲದುದು ಕಣ್ಣೀರೊಂದೇ ಅಲ್ಲ. ಅವನು ವೃತ್ತಾಂತವನ್ನೇ ಕೊಡಲಿಲ್ಲ. ಎಲ್ಲವನ್ನೂ ಒಪ್ಪುವೆನೆಂದು ಹೇಳುವುದರ ಮೂಲಕ ಯಾವುದೊಂದನ್ನೂ ಹೇಳದೆ ಉಳಿಯುವ ಚಾತುರ್ಯ ಅವನದು.

ಈ ಸೂಕ್ಷ್ಮವನ್ನು ತಿಳಿಯಲು ನಮ್ಮ ನಾಡಿನದೇ ಒಂದು ಶಾಸ್ತ್ರಗ್ರಂಥ ನೆರವಾಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಭಾಗಗಳಾಗಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಅದಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅಲ್ಲಿ ವ್ಯವಹಾರಕ್ಕೆ, ಎಂದರೆ ನ್ಯಾಯವಿಚಾರಣೆಗೆ, ನಾಲ್ಕು ಪಾದಗಳು: ದೂರು, ಉತ್ತರ, ಪ್ರಮಾಣ, ನಿರ್ಣಯ. ಉತ್ತರದಲ್ಲಿಯೂ ನಾಲ್ಕು ಬಗೆಗಳಿದ್ದು, ಒಪ್ಪಿಗೆಯು ಅವುಗಳಲ್ಲೊಂದು. ಪ್ರತಿವಾದಿ ಒಪ್ಪಿಬಿಟ್ಟರೆ ಪ್ರಮಾಣದ ತೊಡಕಿಲ್ಲದೆ ವ್ಯವಹಾರವು ಎರಡೇ ಪಾದಗಳಲ್ಲಿ ಮುಗಿಯುತ್ತದೆ. ಇಷ್ಟರ ಮಟ್ಟಿಗೆ ಲೂರಿಯ ವಾದ ಶಾಸ್ತ್ರಸಮ್ಮತವೇ ಸರಿ. ಆದರೆ ಉತ್ತರಕ್ಕೆ ಅಲ್ಲಿ ಒಂದು ನಿಯಮವಿದೆ. ಅದನ್ನು ಬರೆದುಕೊಳ್ಳಬೇಕಾದುದು ದೂರಿನ ಅರ್ಥವನ್ನು ಕೇಳಿ ತಿಳಿದವನಿಂದ, ಅದೂ ದೂರಿತ್ತವರ ಎದುರಿನಲ್ಲಿ. ಕೇಳದೆ ಕೊಟ್ಟ ಉತ್ತರವನ್ನು ಉತ್ತರವೆನ್ನುವುದು ಹೇಗೆ? ಹುಡುಗಿಯ ಮಾತನ್ನು ಓದಲೊಲ್ಲದ ಲೂರಿ ಅವಳಿಗೆ ಉತ್ತರ ಕೊಟ್ಟಿಲ್ಲ. ಸಮಿತಿಯ ಬಾಯನ್ನು ಮುಚ್ಚಿಸಿದ್ದಾನೆ. ಅವಳ ಮಾತು ಓದಿಸಿಕೊಳ್ಳುವ ಯೋಗ್ಯತೆಯನ್ನೂ ಪಡೆಯಲಿಲ್ಲವೆಂಬುದು ಅವಳಿಗೆ ಆದ ಎರಡನೆಯ ಅವಮಾನ.

ಪ್ರಾಯಶ್ಚಿತ್ತವನ್ನು ವ್ಯವಹಾರದಿಂದ ಬೇರೆಯಾಗಿಟ್ಟ ಕ್ರಮದಲ್ಲಿಯೂ ಒಂದು ವಿವೇಕವಿದೆ. ಮನಸ್ಸಿನ ಶುದ್ಧಿಯನ್ನು ವಿಚಾರಣಾ ಸಭೆಯು ಕೈಗೆ ತೆಗೆದುಕೊಳ್ಳಬಾರದು. ಸಮಿತಿ ಎಡವಿದುದು ಇಲ್ಲಿಯೇ. ಸಭೆಯಲ್ಲಿ ಅವರು ಲೂರಿಯ ಹೃದಯವನ್ನು ಕೇಳಿದರು. ಅದು ಸಿಗದಾದಾಗ ಅಧ್ಯಕ್ಷನು ದೂರವಾಣಿಯಲ್ಲಿ ಒಂದು ಕ್ಷಮಾಪಣೆಯ ಪತ್ರಕ್ಕೆ ರುಜುವನ್ನು ಕೇಳಿದನು. ಅದು ಪ್ರಾಮಾಣಿಕವೋ ಅಲ್ಲವೋ ಎಂಬುದು ಅವನ ಅಂತಸ್ಸಾಕ್ಷಿಗೆ ಬಿಟ್ಟ ಸಂಗತಿ ಎಂದನು. ಮೊದಲು ಕೇಳಿದುದು ಅತಿಯಾಯಿತು, ಆಮೇಲೆ ಕೇಳಿದುದು ಅತ್ಯಲ್ಪವಾಯಿತು. ಇವೆರಡರ ನಡುವೆ ಇದ್ದ ನ್ಯಾಯವಾದ ಬೇಡಿಕೆ, ನಡೆದುದನ್ನು ಹೇಳು ಎಂಬುದು, ರಸೂಲಳ ಆಕ್ಷೇಪದಲ್ಲಿ ಮಾತ್ರ ಇಣುಕಿ ಮರೆಯಾಗುತ್ತದೆ. ಕಾದಂಬರಿಯ ಒಂದು ಲೋಪವನ್ನು ನಾವು ಇಲ್ಲಿಯೇ ಎಣಿಸಬೇಕಾಗಿದೆ. ಸಭೆಯ ಅತ್ಯಂತ ಯುಕ್ತವಾದ ಪ್ರಶ್ನೆಯನ್ನು ಗ್ರಂಥಕರ್ತರು ಅತ್ಯಂತ ಕರ್ಕಶವಾದ ಬಾಯಿಗೆ ಕೊಟ್ಟಿದ್ದಾರೆ. ಆಕೆಯ ಧ್ವನಿಯನ್ನು ಸಹಿಸದ ವಾಚಕನು ಪ್ರಶ್ನೆಯನ್ನೂ ತಳ್ಳಿಹಾಕುತ್ತಾನೆ. ತಕ್ಕಡಿಯ ಒಂದು ತಟ್ಟೆಗೆ ಲೇಖಕನೇ ಬೆರಳು ತಾಗಿಸಿದಂತಾಗಿದೆ.

ಎರಡನೆಯ ಆರೋಪದತ್ತ ವಿಮರ್ಶಕರು ಕಣ್ಣೆತ್ತಿ ನೋಡುವುದು ಕಡಮೆ. ಮೆಲನಿ ಬರೆಯದ ಪರೀಕ್ಷೆಗೆ ಲೂರಿ ಅವಳು ಹಾಜರೆಂದು ಗುರುತುಮಾಡಿ 70 ಅಂಕಗಳನ್ನು ಬರೆಯುತ್ತಾನೆ. ಕಾದಂಬರಿಯಲ್ಲಿ ಇದು ಕೆಲವೇ ಸಾಲುಗಳ ಸಂಗತಿ. ಆದರೆ ನಮ್ಮ ಎಣಿಕೆಯಲ್ಲಿ ಇಡೀ ಪ್ರಕರಣದ ಬೀಗದ ಕೈ ಇದೇ. ಮೊದಲನೆಯ ಅಪರಾಧಕ್ಕೆ ಲೂರಿಯಲ್ಲಿ ಕಾಮದೇವನ ನೆಪವಿದೆ, ಬೈರನ್ನನ ಮೇಲ್ಪಂಕ್ತಿಯಿದೆ, ವೃದ್ಧಾಪ್ಯದ ಅಳಲಿದೆ. ಅಂಕಪಟ್ಟಿಯನ್ನು ತಿದ್ದಿದುದಕ್ಕೆ ಯಾವ ದೇವತೆಯ ಆವೇಶವನ್ನು ಹೇಳಲಾದೀತು? ಆ ಕೃತ್ಯವು ಪ್ರೇಮಿಯದಲ್ಲ. ಹಾಜರಿ ಪುಸ್ತಕವನ್ನೂ ಲೇಖನಿಯನ್ನೂ ಅಧಿಕಾರವಾಗಿ ಹಿಡಿದ ಉಪಾಧ್ಯಾಯನದು. ಇಬ್ಬರು ವಯಸ್ಕರ ಖಾಸಗಿ ಸಂಗತಿಯೆಂಬ ಮಾತು ಈ 70 ಅಂಕಗಳ ಮುಂದೆ ನಿಲ್ಲಲಾರದು. ಅದೇ ತರಗತಿಯಲ್ಲಿ ನಿದ್ದೆಗೆಟ್ಟು ಓದಿ 60 ಅಂಕಗಳನ್ನು ಪಡೆದ ವಿದ್ಯಾರ್ಥಿಯೊಬ್ಬನಿದ್ದರೆ ಅವನಿಗಾದ ಅನ್ಯಾಯವನ್ನು ಯಾವ ಕವಿಯೂ ಹಾಡುವುದಿಲ್ಲ.

ಹಾಗಾದರೆ ವಾಚಕನು ಲೂರಿಯ ಕಡೆಗೆ ವಾಲುವುದೇಕೆ? ಕಥನಕ್ರಮವೇ ಅದಕ್ಕೆ ಕಾರಣ. ಕಥೆಯನ್ನು ಪ್ರಥಮ ಪುರುಷದಲ್ಲಿ ಹೇಳಿದ್ದರೂ ಮೊದಲಿನಿಂದ ಕೊನೆಯವರೆಗೆ ನಾವು ನೋಡುವುದು ಲೂರಿಯ ಕಣ್ಣಿನಿಂದ. ಅವನು ಓದದ ಹೇಳಿಕೆಯನ್ನು ನಾವೂ ಓದಲಾರೆವು. ಡೇವಿಡ್ ಮ್ಯಾಮೆಟ್ಟರ ‘ಒಲಿಯಾನ’ ನಾಟಕವನ್ನು (1992) ಇದರೊಡನೆ ಹೋಲಿಸಬಹುದು. ಅಲ್ಲಿಯೂ ಪ್ರಾಧ್ಯಾಪಕನೊಬ್ಬನ ಮೇಲೆ ವಿದ್ಯಾರ್ಥಿನಿ ದೂರು ಕೊಡುತ್ತಾಳೆ. ಅಲ್ಲಿ ಸಮಿತಿ ರಂಗದ ಮೇಲೆ ಬರುವುದೇ ಇಲ್ಲ, ಆದರೆ ದೂರನ್ನು ಪ್ರಾಧ್ಯಾಪಕನೇ ಓದುತ್ತಾನೆ. ಇಲ್ಲಿ ಸಮಿತಿ ನಮ್ಮ ಮುಂದೆ ಕುಳಿತಿದೆ, ದೂರು ಮಾತ್ರ ಮುಚ್ಚಿದ ಕಾಗದವಾಗಿಯೇ ಉಳಿಯುತ್ತದೆ. ಮ್ಯಾಮೆಟ್ಟರು ಪ್ರೇಕ್ಷಕರನ್ನು ಎರಡು ಪಕ್ಷಗಳಾಗಿ ಒಡೆದರು. ಕುಟ್ಸೀಯವರು ವಾಚಕನನ್ನು ಒಂದೇ ಪಕ್ಷದಲ್ಲಿ ಕೂರಿಸಿ, ಅರ್ಧ ಕಡತವನ್ನು ಕೊಟ್ಟು, ಅವನು ಪೂರ್ಣ ತೀರ್ಪು ಕೊಡುವನೋ ಎಂದು ಪರೀಕ್ಷಿಸುತ್ತಾರೆ. ಈ ಪರೀಕ್ಷೆ ಉಚಿತವೇ ಆದರೂ ಇದಕ್ಕೆ ತೆರಬೇಕಾದ ಬೆಲೆಯುಂಟು: ಮೆಲನಿ ಕೊನೆಯವರೆಗೂ ನೆರಳಾಗಿಯೇ ಉಳಿಯುತ್ತಾಳೆ.

ಪರೀಕ್ಷೆ ಬುದ್ಧಿಪೂರ್ವಕವಾದುದೆಂಬುದಕ್ಕೆ ಉತ್ತರಾರ್ಧವೇ ಸಾಕ್ಷಿ. ಲೂಸಿಯ ತೋಟದ ಮನೆಗೆ ಮೂವರು ನುಗ್ಗಿ ಅವಳ ಮೇಲೆ ಅತ್ಯಾಚಾರ ಮಾಡುತ್ತಾರೆ. ಕಳುವಿನ ಸಂಗತಿಯನ್ನು ಪೊಲೀಸರಿಗೆ ತಿಳಿಸುವ ಲೂಸಿ ಈ ಸಂಗತಿಯನ್ನು ಹೇಳಲೊಲ್ಲಳು. ಅದು ತನ್ನ ಸ್ವಂತದ್ದೆನ್ನುತ್ತಾಳೆ. ಸಭೆಯಲ್ಲಿ ಬಾಯಿಬಿಡದ ಲೂರಿ ಈಗ ಮಗಳಿಗೆ ಹೇಳು, ದಾಖಲೆಯಾಗಲಿ, ನ್ಯಾಯ ದೊರೆಯಲಿ ಎಂದು ಅಂಗಲಾಚುತ್ತಾನೆ. ಮೆಲನಿಯ ತಂದೆ ವಿಶ್ವವಿದ್ಯಾಲಯಕ್ಕೆ ಬಂದು ನಿಂತ ಜಾಗದಲ್ಲಿ ಈಗ ಅವನೇ ನಿಂತಿದ್ದಾನೆ. ನೊಂದವರ ಮೌನಕ್ಕೆ ಹಕ್ಕಿನ ಗೌರವವುಂಟು. ನೋಯಿಸಿದವನ ಮೌನಕ್ಕೆ ಅದು ಸಲ್ಲದು. ಈ ಭೇದವನ್ನು ಕುಟ್ಸೀಯವರು ಎಲ್ಲಿಯೂ ಬಾಯಿಬಿಟ್ಟು ಹೇಳದೆ ಎರಡು ಮೌನಗಳನ್ನು ಎದುರುಬದುರಾಗಿ ಇಟ್ಟಿರುವುದು ಅವರ ಕಲೆಯ ಉತ್ಕೃಷ್ಟವಾದ ಭಾಗ.

ಬಳಿಕ ಲೂರಿ ಜಾರ್ಜ್ ಎಂಬ ಊರಿಗೆ ಐಸಾಕ್ಸರ ಮನೆಗೆ ಹೋಗುತ್ತಾನೆ. ಆ ತಂದೆಯೂ ಶಾಲೆಯೊಂದರ ಮುಖ್ಯೋಪಾಧ್ಯಾಯನೇ ಆಗಿರುವುದು ಆಕಸ್ಮಿಕವಲ್ಲ. ವೃತ್ತಿಬಾಂಧವನಿಗೆ ದ್ರೋಹ ಬಗೆದವನು ಅವನ ಮೇಜಿನ ಮುಂದೆ ಅನ್ನ ತಿನ್ನುತ್ತಾನೆ. ತಾಯಿಯ ಮತ್ತು ಕಿರಿಯ ಮಗಳ ಎದುರು ನೆಲಕ್ಕೆ ಹಣೆ ಮುಟ್ಟಿಸುತ್ತಾನೆ. ಕೆಲವರು ಇದನ್ನೇ ಪ್ರಾಯಶ್ಚಿತ್ತವೆಂದು ಕೊಂಡಾಡುತ್ತಾರೆ. ಆದರೆ ಆ ಗಳಿಗೆಯಲ್ಲಿಯೂ ಕಿರಿಯಳನ್ನು ಕಂಡು ಅವನೊಳಗೆ ಹಳೆಯ ಚಪಲವೇ ಮಿಂಚುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಮೆಲನಿ ಆ ಮನೆಯಲ್ಲಿಲ್ಲ. ಸಭೆಯಲ್ಲಿ ಅವಳ ಗೈರುಹಾಜರಿಯಲ್ಲಿ ಒಪ್ಪಿಗೆ, ಇಲ್ಲಿ ಅವಳ ಗೈರುಹಾಜರಿಯಲ್ಲಿ ಪ್ರಣಾಮ. ಕೊಡಬೇಕಾದ ಸಾಲವನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದ ಹಾಗೆ ಇದು.

ದೂರಿತ್ತವರ ಎದುರಿನಲ್ಲಿ ಉತ್ತರವಾಗಬೇಕೆಂಬ ಹಳೆಯ ನಿಯಮವನ್ನು ಎಳೆಯ ವಿದ್ಯಾರ್ಥಿನಿಯರ ವಿಷಯದಲ್ಲಿ ಹಾಗೆಯೇ ನಡೆಸಲಾಗದೆಂಬುದು ನಿಜ. ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ 1996ರಲ್ಲಿ ಇಂತಹ ಪ್ರಸಂಗವೇ ಬಂದಿತ್ತು. ನವೋದಯ ವಿದ್ಯಾಲಯವೊಂದರ ವಿದ್ಯಾರ್ಥಿನಿಯೊಡನೆ ದುರ್ವರ್ತನೆ ನಡೆಸಿದ ಉಪಾಧ್ಯಾಯನನ್ನು ಪೂರ್ಣ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದುದನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಹುಡುಗಿಯನ್ನು ಪಾಟೀಸವಾಲಿಗೆ ಒಡ್ಡುವುದು ಹಿತವಲ್ಲವೆಂದು ಅದು ಭಾವಿಸಿತು. 2013ರ ಕಾಯಿದೆ ಕೆಲಸದ ಸ್ಥಳಗಳಲ್ಲಿ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿ, ವಿಚಾರಣೆ 90 ದಿನಗಳೊಳಗೆ ಮುಗಿಯಬೇಕೆಂದು ವಿಧಿಸಿತು. 2015ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಉಚ್ಚ ಶಿಕ್ಷಣ ಸಂಸ್ಥೆಗಳಿಗೆ ಇದೇ ವಿಷಯದ ನಿಯಮಗಳನ್ನು ರಚಿಸಿತು. ಎದುರಿಗೆ ನಿಲ್ಲಿಸದಿದ್ದರೂ ಅವಳ ಮಾತನ್ನು ಆರೋಪಿ ಓದಬೇಕು, ಅದಕ್ಕೆ ಅಂಶ ಅಂಶವಾಗಿ ಉತ್ತರ ಹೇಳಬೇಕು. ಸನ್ನಿಧಿಯೆಂಬುದರ ತಿರುಳು ಇದು. ರಾಜೀನಾಮೆ ಪಡೆದು ಕಡತವನ್ನು ಕಟ್ಟಿಡುವ ಆಡಳಿತಗಳೂ, ಮಾನ ಉಳಿಯಿತೆಂದು ಸುಮ್ಮನಾಗುವ ಮನೆಗಳೂ ಲೂರಿಯ ಉಪಾಯವನ್ನೇ ಬೇರೆ ಹೆಸರಿನಿಂದ ಅನುಸರಿಸುತ್ತಿರುತ್ತವೆ.

ನಮ್ಮ ನಿರ್ಣಯವಿಷ್ಟು. ‘ಡಿಸ್‌ಗ್ರೇಸ್’ ಸಮಿತಿಗಳನ್ನು ಹಳಿಯುವ ಪುಸ್ತಕವಲ್ಲ. ಸಮಿತಿಗಳು ಯಾವುದನ್ನು ಕೇಳಬಾರದು, ಯಾವುದನ್ನು ಕೇಳದೆ ಬಿಡಬಾರದು ಎಂಬುದನ್ನು ಎರಡು ಕಡೆಯ ತಪ್ಪುಗಳಿಂದಲೇ ತೋರಿಸಿಕೊಡುವ ಪುಸ್ತಕ. ಮಕ್ಕಳನ್ನು ಕಾಲೇಜಿಗೆ ಕಳುಹುವ ತಂದೆತಾಯಿಗಳೂ ತರಗತಿಯಲ್ಲಿ ನಿಂತು ಪಾಠಹೇಳುವವರೂ ಇದನ್ನು ಓದತಕ್ಕುದು. ಓದುವಾಗ, ಲೂರಿ ತೆರೆಯದೆ ಬಿಟ್ಟ ಆ ಕಾಗದದಲ್ಲಿ ಏನು ಬರೆದಿದ್ದೀತೆಂದು ಪುಟಪುಟಕ್ಕೂ ತಮ್ಮನ್ನು ತಾವೇ ಕೇಳಿಕೊಳ್ಳಲಿ.