ಇಡೀ ಕಾಯಿಯ ಅಡುಗೆ: ಎಣಗಾಯಿಗೊಂದು ವ್ಯಾಖ್ಯಾನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಬದನೆಕಾಯಿ ಎಣಗಾಯಿಯನ್ನು ಯಾರೂ ಪುಸ್ತಕ ನೋಡಿ ಕಲಿಯುವುದಿಲ್ಲ. ಅವ್ವ ಮಗಳಿಗೆ, ಅತ್ತೆ ಸೊಸೆಗೆ ಒಲೆ ಮುಂದೆ ಕುಳಿತು ಹೇಳಿಕೊಡುತ್ತಾರೆ. ಹಾಗೆ ಹೇಳಿಕೊಡುವ ಕ್ರಮವನ್ನು ಇಲ್ಲಿಯ ಆಡುಮಾತಿನಲ್ಲೇ ಒಂಬತ್ತು ಸಾಲಾಗಿ ಜೋಡಿಸಿ, ಸಾಲು ಸಾಲಿಗೂ ಅರ್ಥ ಬಿಡಿಸಿದ್ದೇನೆ. ಎಣಗಾಯಿಯ ರುಚಿ ಮಸಾಲೆಯಿಂದ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಅದು ಕಾಯಿಯಿಂದಲೇ ಬರುವ ರುಚಿ. ಕಾಯಿ ಒಡೆಯದೆ ಇಡಿಯಾಗಿ ಉಳಿದು, ತಾನೂ ಬೆಂದು, ಹೊಟ್ಟೆಯಲ್ಲಿರುವ ಮಸಾಲೆಯನ್ನೂ ಬೇಯಿಸಬೇಕು. ಕೆಳಗಿನ ಒಂದೊಂದು ಮಾತೂ ಆ ಕಾಯಿಯನ್ನು ಕಾಯುವುದಕ್ಕಾಗಿಯೇ ಹುಟ್ಟಿದೆ.

ಅಳತೆ ನಾಲ್ಕು ಮಂದಿಗೆ: ಸಣ್ಣ ಬದನೆಕಾಯಿ ಅರ್ಧ ಕಿಲೋ, ಶೇಂಗಾ ಅರ್ಧ ಬಟ್ಟಲು, ಎಳ್ಳು 2 ಚಮಚ, ಗುರೆಳ್ಳು 2 ಚಮಚ, ತುರಿದ ಒಣಕೊಬ್ಬರಿ ಕಾಲು ಬಟ್ಟಲು, ದೊಡ್ಡ ಉಳ್ಳಾಗಡ್ಡಿ 1, ಬಳ್ಳೊಳ್ಳಿ 8-10 ಎಸಳು, ಖಾರಪುಡಿ 2 ಚಮಚ, ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಅರಿಸಿನ, ಉಪ್ಪು, ಎಣ್ಣೆ 6 ಚಮಚ, ಒಗ್ಗರಣೆಗೆ ಸಾಸಿವೆ, ಜೀರಿಗೆ, ಕರಿಬೇವು.

1. ಎಳೀ ಕಾಯಿ ಆರಿಸ್ಕೋ. ತೊಟ್ಟಿನ ಮುಳ್ಳು ಬೆರಳಿಗೆ ಚುಚ್ಚಬೇಕು.

ಎಳೀ ಕಾಯಿ ಎಂದರೆ ಬೀಜ ಬಲಿಯದ ಕಾಯಿ. ಬೀಜ ಬಲಿತಂತೆಲ್ಲ ಕಹಿ ಏರುತ್ತದೆ, ತಿರುಳು ನಾರುನಾರಾಗುತ್ತದೆ. ಅಂಥ ಕಾಯಿಗೆ ಎಷ್ಟು ಬೆಲ್ಲ ಹಾಕಿದರೂ ಕಹಿ ಅಡಗುವುದಿಲ್ಲ. ಮುಳ್ಳಿನ ಮಾತು ತಾಜಾತನದ ಪರೀಕ್ಷೆ. ಅಂದೇ ಕಿತ್ತ ಕಾಯಿಯ ತೊಟ್ಟು ಹಸಿರಾಗಿದ್ದು ಅದರ ಮುಳ್ಳು ಸೆಟೆದು ನಿಂತಿರುತ್ತದೆ. ದಿನ ಕಳೆದಂತೆ ತೊಟ್ಟು ಬಾಡಿ ಮುಳ್ಳು ಮೆತ್ತಗಾಗುತ್ತದೆ. ಸಂತೆಯಲ್ಲಿ ಮುಳಗಾಯಿ, ಅಂದರೆ ಬದನೆಕಾಯಿ, ಕೊಳ್ಳುವವರು ಮೊದಲು ತೊಟ್ಟು ಮುಟ್ಟಿ ನೋಡುವುದು ಇದಕ್ಕೇ. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಪುಟಿದು ಮೇಲೇಳಬೇಕು. ತಗ್ಗು ಬಿದ್ದಲ್ಲಿಯೇ ಉಳಿದರೆ ಅದು ಹಳೆಯ ಕಾಯಿ. ಸಣ್ಣದೊಂದು ತೂತು ಕಂಡರೂ ಬಿಡಿ, ಒಳಗೆ ಕಾಯಿಕೊರಕ ಹುಳು ಮನೆ ಮಾಡಿರುತ್ತದೆ.

ತಳಿಯನ್ನೂ ನೋಡಬೇಕು. ಮಂಜರಿ ಗೋಟಾದಂಥ ದೊಡ್ಡ ಗುಂಡುಕಾಯಿ ಕೆಂಡದಲ್ಲಿ ಸುಟ್ಟು ಭರ್ತ ಮಾಡಲು ಒಳ್ಳೆಯದು. ಅದರ ಸಿಪ್ಪೆ ಸುಲಿದು ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಶೇಂಗಾಪುಡಿ, ಮೊಸರು ಕಲಸಿದರೆ ರೊಟ್ಟಿಗೆ ಬೇರೇನೂ ಬೇಡ. ಎಣಗಾಯಿಗೆ ಬೇಕಾದದ್ದು ಒಂದು ಮುಷ್ಟಿಯಲ್ಲಿ ಎರಡು ಹಿಡಿಯುವಂಥ ಗಿಡ್ಡ ಕಾಯಿ. ಚಳಿಗಾಲದಲ್ಲಿ ಅದು ಹೆಚ್ಚು ರುಚಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗಲೂ, ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಮಾಡಿದಾಗಲೂ ಬುತ್ತಿಯಲ್ಲಿ ಬದನೆ ಇರುವುದು ಈ ಹಂಗಾಮಿನ ಕಾರಣಕ್ಕೆ. ನೆರೆಯ ಮಹಾರಾಷ್ಟ್ರದಲ್ಲಿ ಖಂಡೋಬನ ಒಕ್ಕಲಿನ ಎಷ್ಟೋ ಮನೆಗಳವರು ಚಾತುರ್ಮಾಸದಲ್ಲಿ ಬದನೆ ಬಿಟ್ಟು, ಮಾರ್ಗಶಿರದ ಚಂಪಾಷಷ್ಠಿಗೆ ಭರ್ತ ಮತ್ತು ಸಜ್ಜಿರೊಟ್ಟಿಯ ನೈವೇದ್ಯ ಮಾಡಿ ಮತ್ತೆ ತಿನ್ನಲು ಸುರು ಮಾಡುತ್ತಾರೆ. ಮಳೆಗಾಲದಲ್ಲಿ ಹುಳುವಿನ ಕಾಟ ಹೆಚ್ಚು ಎಂಬುದನ್ನು ನೆನೆದರೆ ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ ಅನಿಸುತ್ತದೆ.

2. ತೊಟ್ಟು ತಗೀಬ್ಯಾಡ, ಅಡಿಯಿಂದ ಸೀಳಿ ಉಪ್ಪುನೀರಾಗ ಹಾಕು.

ತೊಟ್ಟಿನ ತುದಿಯನ್ನಷ್ಟೇ ಕತ್ತರಿಸಿ, ಮುಳ್ಳು ಸವರಿ, ಟೊಪ್ಪಿಗೆಯನ್ನು ಹಾಗೆಯೇ ಬಿಡಬೇಕು. ಅಡಿಯಿಂದ ಅಡ್ಡ ಒಂದು, ಉದ್ದ ಒಂದು ಸೀಳು ಕೊಟ್ಟು ತೊಟ್ಟಿನ ಹತ್ತಿರ ನಿಲ್ಲಿಸಬೇಕು. ನಾಲ್ಕು ಭಾಗವನ್ನೂ ಕಡೆಯವರೆಗೆ ಹಿಡಿದಿಡುವುದು ಆ ತೊಟ್ಟೇ. ಅದನ್ನು ತೆಗೆದರೆ ಕುದಿಯುವಾಗ ಕಾಯಿ ನಾಲ್ಕು ಹೋಳಾಗಿ ಬೀಳುತ್ತದೆ. ಆಮೇಲೆ ಅದು ಪಲ್ಯ, ಎಣಗಾಯಿ ಅಲ್ಲ. ಬೆಂದ ತೊಟ್ಟಿನ ತಿರುಳನ್ನು ಕಚ್ಚಿ ಹೀರುವುದು ತಿನ್ನುವವರಿಗೆ ಸಿಗುವ ಹೆಚ್ಚಿನ ಸುಖ.

ಸೀಳಿದೊಡನೆ ಹೋಳು ತೆರೆದು ಒಳಗೆ ಹುಳು ಇಲ್ಲವೆಂದು ನೋಡಿಕೊಳ್ಳಿ. ಗಾಳಿ ತಾಗಿದ ತಿರುಳು ನಿಮಿಷದಲ್ಲಿ ಕಂದಾಗುತ್ತದೆ. ಕಾಯಿಯೊಳಗಿನ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಕೂಡಿದಾಗ ಆಗುವ ಬದಲಾವಣೆ ಅದು. ನೀರು ಗಾಳಿಯನ್ನು ದೂರವಿಡುತ್ತದೆ, ಉಪ್ಪು ಕಿಣ್ವದ ಕೆಲಸವನ್ನು ನಿಧಾನ ಮಾಡುತ್ತದೆ. ಕಾಲು ತಾಸಿಗಿಂತ ಹೆಚ್ಚು ನೆನೆಸಬಾರದು. ನೀರು ಕುಡಿದ ಕಾಯಿಗೆ ಮಸಾಲೆ ಹಿಡಿಯುವುದಿಲ್ಲ.

3. ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ ಬ್ಯಾರೆ ಬ್ಯಾರೆ ಹುರಿ, ತರಿ ಇರಲಿ.

ಈ ನಾಲ್ಕಕ್ಕೂ ಬೇಕಾದ ಕಾವು ಬೇರೆ. ಶೇಂಗಾ ಸಣ್ಣ ಉರಿಯಲ್ಲಿ ಸಾವಕಾಶ ಹುರಿದು ಸಿಪ್ಪೆ ಬಿಡಬೇಕು. ಎಳ್ಳು ಚಟಪಟ ಅಂದರೆ ಸಾಕು. ಗುರೆಳ್ಳು ಇನ್ನೂ ಬೇಗ ಸಿಡಿಯುತ್ತದೆ. ಅರೆಕ್ಷಣ ತಡವಾದರೂ ಕಹಿ. ಕೊಬ್ಬರಿಗೆ ಬೆಚ್ಚಗಾದ ಬಾಣಲೆಯೇ ಸಾಕು. ಎಲ್ಲ ಒಟ್ಟಿಗೆ ಹಾಕಿದರೆ ಶೇಂಗಾ ಇನ್ನೂ ಹಸಿಯಾಗಿರುವಾಗಲೇ ಗುರೆಳ್ಳು ಸೀದಿರುತ್ತದೆ.

ತರಿ ಇರಲಿ ಎಂಬುದಕ್ಕೂ ಕಾರಣವಿದೆ. ನುಣ್ಣಗೆ ರುಬ್ಬಿದ ಮಸಾಲೆ ನೀರು ತಾಗಿದೊಡನೆ ಸಡಿಲಾಗಿ ಸೀಳಿನಿಂದ ಹೊರಗೆ ಹರಿಯುತ್ತದೆ. ತರಿಯಾದದ್ದು ಒಳಗೇ ಕಚ್ಚಿಕೊಂಡು ಕೂರುತ್ತದೆ. ಒರಳಲ್ಲಿ ಕುಟ್ಟಿದರೆ ಈ ಹದ ತಾನಾಗಿ ಬರುತ್ತದೆ. ಮಿಕ್ಸರ್ ಆದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು.

ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡಗಳ ಬೆಳೆ. ಪೋರ್ಚುಗೀಸರು ಸಮುದ್ರ ದಾಟಿ ಬಂದ ಮೇಲೆ ಇಲ್ಲಿಗೆ ಬಂದವು. ಎಳ್ಳು ಅದಕ್ಕೂ ಬಹಳ ಹಿಂದಿನಿಂದ ಈ ನೆಲದ್ದು. ಬದನೆಯೂ ಭಾರತದ ಕಡೆಯಿಂದಲೇ ಪರ್ಶಿಯಾ ದಾಟಿ ಪಶ್ಚಿಮಕ್ಕೆ ಹೋಯಿತು. ಅದು ನೆಲೆಯಾದ ಅರ್ಮೇನಿಯಾದ ಮನೆಗಳಲ್ಲಿ ಉದ್ದ ಹೋಳುಗಳನ್ನು ಎಣ್ಣೆಯಲ್ಲಿ ಬಾಡಿಸಿ, ಅಕ್ರೋಟು-ಬೆಳ್ಳುಳ್ಳಿ ಅರೆದು ಹಚ್ಚಿ ಸುರುಳಿ ಸುತ್ತುತ್ತಾರೆ. ಬೇಸಿಗೆಯಲ್ಲಿ ಇಡೀ ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿಗಳ ಒಳಗೆ ಕೈಮಾ ಮತ್ತು ಅಕ್ಕಿ ತುಂಬಿ ತೊಲ್ಮಾ ಬೇಯಿಸುತ್ತಾರೆ. ಬದನೆಯ ತಿರುಳಿಗೆ ಸ್ವಂತ ಜಿಡ್ಡಿಲ್ಲ. ಎಣ್ಣೆಬೀಜ, ಬೆಳ್ಳುಳ್ಳಿ ಕೂಡಿದಾಗಲೇ ಅದಕ್ಕೆ ಮೈ ಬರುತ್ತದೆ. ಈ ಮಾತನ್ನು ಕೃಷ್ಣಾ ದಂಡೆಯವರೂ ಅರ್ಮೇನಿಯಾದವರೂ ತಮ್ಮ ತಮ್ಮ ಒಲೆಯ ಮುಂದೆಯೇ ಕಂಡುಕೊಂಡರು.

4. ಉಳ್ಳಾಗಡ್ಡಿ, ಬಳ್ಳೊಳ್ಳಿ ಕುಟ್ಟು. ಖಾರ, ಉಪ್ಪು, ಹುಳಿ, ಬೆಲ್ಲ ಕೂಡಿಸು.

ಖಾರಕ್ಕೆ ಬಣ್ಣದ ಬ್ಯಾಡಗಿ ಮುಖ್ಯ. ಮನೆಯಲ್ಲಿ ಮಸಾಲಿಖಾರ ಇದ್ದರೆ ಅದನ್ನೇ ಹಾಕಿ, ಬೇರೆ ಗರಂ ಮಸಾಲೆ ಬೇಡ. ನೈವೇದ್ಯಕ್ಕೆ ಮಾಡುವಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟು ಎಳ್ಳು, ಕೊಬ್ಬರಿ ಹೆಚ್ಚಿಸುವ ಮನೆಗಳಿವೆ.

ಹುಣಸೆ ರುಚಿಗಷ್ಟೇ ಅಲ್ಲ. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಹುಳಿ ಇದ್ದಲ್ಲಿ ಅದು ಬೇಗ ಕರಗುವುದಿಲ್ಲ. ಹುಳಿಮಸಾಲೆ ತುಂಬಿದ ಕಾಯಿ ಮೆತ್ತಗೆ ಬೆಂದರೂ ಮುದ್ದೆಯಾಗದೆ ಉಳಿಯುವುದು ಇದರಿಂದ. ಬೆಲ್ಲವಂತೂ ಈ ಕಬ್ಬಿನ ಸೀಮೆಯ ಸೊತ್ತು. ಮಹಾಲಿಂಗಪುರದ ಬೆಲ್ಲಕ್ಕೆ ದೊಡ್ಡ ಹೆಸರಿದೆ. ಹುಳಿ, ಖಾರ, ಬದನೆಯ ಸಣ್ಣ ಒಗರು ಮೂರನ್ನೂ ಸಮಾಧಾನ ಮಾಡುವಷ್ಟು ಬೆಲ್ಲ ಇರಲಿ. ಸಿಹಿ ನಾಲಿಗೆಗೆ ಬೇರೆಯಾಗಿ ತಿಳಿಯಬಾರದು. ಟೊಮೆಟೊ, ಗೋಡಂಬಿ, ಕೆನೆ ಈ ಅಡುಗೆಗೆ ಸೇರಿದವಲ್ಲ. ಅವು ಬಂದರೆ ಬದನೆಯ ರುಚಿ ಹಿಂದಕ್ಕೆ ಸರಿಯುತ್ತದೆ.

5. ಕಾಯಿ ಹರೀದಂಗ ತುಂಬು. ಉಳಿದ ಮಸಾಲಿ ತಗದಿಡು.

ಎಡಗೈಯಲ್ಲಿ ಕಾಯಿಯನ್ನು ತೊಟ್ಟು ಕೆಳಗಾಗಿ ಹಿಡಿದು, ಹೆಬ್ಬೆರಳಿನಿಂದ ಸೀಳನ್ನು ತುಸುವೇ ಅಗಲಿಸಿ. ಬಲಗೈಯ ಮೂರು ಬೆರಳಲ್ಲಿ ಮಸಾಲೆ ಎತ್ತಿ ಬುಡದವರೆಗೆ ಒತ್ತಿ. ಕಾಯಿ ತಿರುಗಿಸಿ ಇನ್ನೊಂದು ಸೀಳಿಗೂ ಹಾಗೆಯೇ. ಆಮೇಲೆ ಅಂಗೈಯಲ್ಲಿ ಮೆಲ್ಲಗೆ ಅದುಮಿದರೆ ನಾಲ್ಕು ಭಾಗವೂ ಕೂಡಿಕೊಳ್ಳುತ್ತವೆ. ಹೊರಮೈಗೆ ಹತ್ತಿದ ಮಸಾಲೆಯನ್ನು ಒರೆಸಿಬಿಡಿ. ಎಣ್ಣೆಗೆ ಬಿದ್ದಾಗ ಮೊದಲು ಸೀಯುವುದು ಅದೇ. ತುಂಬಿ ಉಳಿದ ಮಸಾಲೆ ಮುಂದೆ ರಸಕ್ಕೆ ಬೇಕು.

6. ಎಣ್ಣಿಗೆ ಕೈ ಹಿಡೀಬ್ಯಾಡ. ಕಾಯಿ ಮೊದಲ ಎಣ್ಣ್ಯಾಗ ಬಾಡಲಿ, ಆಮ್ಯಾಲ ನೀರು.

ಅಡುಗೆಯ ಹೆಸರಿನಲ್ಲೇ ಎಣ್ಣೆ ಇದೆ. ಬದನೆಯ ತಿರುಳು ಸ್ಪಂಜಿನ ಹಾಗೆ ಗಾಳಿ ತುಂಬಿಕೊಂಡದ್ದು. ಕಾದ ಎಣ್ಣೆಗೆ ಬಿದ್ದೊಡನೆ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ಆಗ ಹೆದರಿ ಇನ್ನಷ್ಟು ಸುರಿಯಬೇಕಾಗಿಲ್ಲ. ಕಾವು ಒಳಗೆ ಇಳಿದಂತೆ ಆ ಗಾಳಿಗೂಡುಗಳು ಕುಸಿದು, ಕುಡಿದ ಎಣ್ಣೆಯಲ್ಲಿ ಒಂದು ಪಾಲನ್ನು ತಿರುಗಿ ಬಿಡುತ್ತವೆ. ಎಣ್ಣೆ ಶೇಂಗಾದ್ದೋ ಕುಸುಬಿಯದ್ದೋ ಇರಲಿ. ಹಿಂಗಾರಿಯ ಬಿಳಿಜೋಳದ ನಡುವೆ ಕುಸುಬಿಯ ಸಾಲು ಬಿತ್ತುವುದು ಈ ಎರೆಭೂಮಿಯ ಹಳೆಯ ಪದ್ಧತಿ. ಗಾಣದ ಕುಸುಬಿ ಎಣ್ಣೆಯೇ ಹಿಂದೆ ಮನೆಮನೆಯ ಒಗ್ಗರಣೆ.

ಅಗಲ ಬಾಯಿಯ ಪಾತ್ರೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ಅರಿಸಿನ ಹಾಕಿ, ಕಾಯಿಗಳನ್ನು ಒಂದೇ ಸುತ್ತಿನಲ್ಲಿ ಇಡಿ. ಒಂದರ ಮೇಲೊಂದು ಪೇರಿಸಬೇಡಿ. ತೊಟ್ಟು ಹಿಡಿದು ಉರುಳಿಸುತ್ತ ಸಿಪ್ಪೆಯ ಬಣ್ಣ ಮಾಸುವವರೆಗೆ ಬಾಡಿಸಿ. ಆಮೇಲೆ ಉಳಿದ ಮಸಾಲೆ, ಒಂದು ಬಟ್ಟಲು ಬಿಸಿನೀರು. ಎಣ್ಣೆ ಕಡಿಮೆ ತಿನ್ನಬೇಕಾದವರು ತುಂಬಿದ ಕಾಯಿಯನ್ನು ಐದು ನಿಮಿಷ ಹಬೆಯಲ್ಲಿಟ್ಟು ಬಳಿಕ ಬಾಡಿಸಬಹುದು. ಹಬೆಗೆ ಗಾಳಿಗೂಡು ಮೊದಲೇ ಕುಸಿಯುವುದರಿಂದ ಅರ್ಧ ಎಣ್ಣೆಯೇ ಸಾಕಾಗುತ್ತದೆ.

7. ತಾಟು ಮುಚ್ಚಿ ಮ್ಯಾಲ ನೀರ ಹಾಕು, ಸೌಟು ಆಡಿಸಬ್ಯಾಡ.

ಒಳಗಿನ ಹಬೆ ಮೇಲೇರಿ, ನೀರು ಹಾಕಿದ ತಣ್ಣನೆಯ ತಾಟಿಗೆ ತಾಗಿ ಹನಿಯಾಗಿ ಮತ್ತೆ ಕಾಯಿಯ ಮೇಲೇ ಬೀಳುತ್ತದೆ. ಹೀಗೆ ಕಡಿಮೆ ನೀರಿನಲ್ಲಿ ತಳ ಹತ್ತದೆ ಬೇಯುತ್ತದೆ. ರಸ ತೀರ ಗಟ್ಟಿಯಾದರೆ ತಾಟಿನ ಮೇಲಿನ ಬಿಸಿನೀರನ್ನೇ ಒಳಗೆ ಸೇರಿಸಬಹುದು. ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಬೇಕು. ನಡುವೆ ಒಮ್ಮೆ ತೊಟ್ಟು ಹಿಡಿದು ಮಗ್ಗುಲು ಬದಲಿಸಿದರೆ ಮುಗಿಯಿತು. ಕುಕ್ಕರಿನ ಒತ್ತಡಕ್ಕೆ ಕಾಯಿ ಒಡೆದು ಮಸಾಲೆಯೆಲ್ಲ ನೀರುಪಾಲಾಗುತ್ತದೆ. ಐದು ನಿಮಿಷ ಉಳಿಸಲು ಹೋಗಿ ಅಡುಗೆಯನ್ನೇ ಕಳೆದುಕೊಳ್ಳಬೇಡಿ. ತೊಟ್ಟಿನ ಬುಡಕ್ಕೆ ಚಾಕುವಿನ ತುದಿ ಸಲೀಸಾಗಿ ಇಳಿದರೆ ಬೆಂದಿದೆ ಎಂದರ್ಥ.

8. ಎಣ್ಣಿ ಮ್ಯಾಲ ತೇಲಿದ್ರ ಇಳಿಸು. ತಾಸೊತ್ತು ಬಿಟ್ಟು ರೊಟ್ಟಿ ಜೋಡಿ ಬಡಿಸು.

ಮೇಲೆ ತೇಲುವ ಕೆಂಪು ಎಣ್ಣೆಯಲ್ಲಿ ಶೇಂಗಾ, ಎಳ್ಳು, ಕೊಬ್ಬರಿ ಬಿಟ್ಟ ಜಿಡ್ಡೂ ಇರುತ್ತದೆ. ಇಳಿಸಿದ ಕೂಡಲೇ ಹುಳಿ, ಖಾರ, ಬೆಲ್ಲ ಬೇರೆ ಬೇರೆಯಾಗಿ ಮಾತಾಡುತ್ತವೆ. ಒಂದು ತಾಸು ಬಿಟ್ಟರೆ ರಸ ತಿರುಳಿನೊಳಗೆ ಇಳಿದು ಒಂದಾಗುತ್ತದೆ. ಬದಿಗೆ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಹಕ್ಕರಕಿ, ಗಜ್ಜರಿ ಇರಲಿ.

ರೊಟ್ಟಿ ಬಿಳಿಜೋಳದ್ದು. ಬಿಸಿರೊಟ್ಟಿ ರಸವನ್ನು ಹೀರುತ್ತದೆ, ಖಡಕ್ ರೊಟ್ಟಿ ಅದನ್ನು ಮೊಗೆಯುತ್ತದೆ. ಎರಡಕ್ಕೂ ಬೇರೆ ರುಚಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಗಂಡ ಹೆಂಡತಿ ಇಬ್ಬರೂ ಮಗ್ಗದ ಕೆಲಸಕ್ಕೆ ಕೂರುವ ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಗೆ ಇಂಥ ಊಟ ಹೇಳಿ ಮಾಡಿಸಿದ್ದು: ರೊಟ್ಟಿ ಗೂಡಿನಲ್ಲಿ, ಬೆಳಗಿನ ಎಣಗಾಯಿ ಒಲೆಯ ಪಕ್ಕ. ಅರ್ಮೇನಿಯಾದವರು ತಮ್ಮ ಲವಾಶ್ ರೊಟ್ಟಿಯನ್ನೂ ಒಣಗಿಸಿ, ಒಂದರ ಮೇಲೊಂದು ಪೇರಿಸಿ, ತಿಂಗಳುಗಟ್ಟಲೆ ಇಟ್ಟು, ಬೇಕಾದಾಗ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ಅದನ್ನು ತಯಾರಿಸುವ ಪದ್ಧತಿ 2014ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ರೊಟ್ಟಿ ಬಡಿಯುವ ಕೈಗಳಿಗೂ ಅಂಥದೇ ಗೌರವ ಸಲ್ಲಬೇಕು.

9. ಗಿಡದಾಗ ಬೀಜಕ್ಕೊಂದು ಕಾಯಿ ಬಿಡು.

ಅಡುಗೆಯ ಮಾತಿನಲ್ಲಿ ಬೀಜದ ಮಾತು ಯಾಕೆ ಎನ್ನಬಹುದು. ಮೇಲಿನ ಎಂಟು ಸಾಲೂ ನಿಂತಿರುವುದು ಸರಿಯಾದ ಕಾಯಿಯ ಮೇಲೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕುಲಾಂತರಿ ಬಿಟಿ ಬದನೆಯ ಪ್ರಯೋಗಕ್ಕೆ ಆರಿಸಿಕೊಂಡ ನಾಡತಳಿಗಳಲ್ಲಿ ಮಾಳಾಪುರ, ಕುಡಚಿ, ಉಡುಪಿಯ ಜೊತೆಗೆ ರಬಕವಿಯ ಸ್ಥಳೀಯ ತಳಿಯೂ ಇತ್ತು. 2010ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಪರ ವಿರೋಧದ ವಾದ ಏನೇ ಇರಲಿ, ರಬಕವಿಯ ಬದನೆ ಹೆಸರಿಟ್ಟು ಗುರುತಿಸುವಂಥ ತಳಿ ಎಂಬುದು ಅಲ್ಲಿ ದಾಖಲಾಯಿತು. ಉಡುಪಿಯ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಮಾನ್ಯತೆಯ ಗುರುತು ಬಂತು. ಊರಿನ ರೈತರು ಒಂದಾಗಿ ನಿಂತು ಅದನ್ನು ಉಳಿಸಿಕೊಂಡರು. ಇತ್ತ ಕೃಷ್ಣೆ, ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು ಹಬ್ಬಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಎಷ್ಟೋ ಹೊಲ ಮುಳುಗಿದವು. ಕಾಯಿಪಲ್ಯದ ಮಡಿಗೆ ಉಳಿದ ಜಾಗ ಸಣ್ಣದು, ಆ ಜಾಗಕ್ಕೂ ಅಂಗಡಿಯ ಹೈಬ್ರಿಡ್ ಬೀಜ ಬರುತ್ತಿದೆ.

ಬೀಜ ಉಳಿಸುವುದು ಕಷ್ಟವಲ್ಲ. ಒಳ್ಳೆಯ ಗಿಡದಲ್ಲಿ ಒಂದು ಕಾಯಿಯನ್ನು ಹಳದಿಗೆ ತಿರುಗುವವರೆಗೆ ಬಿಡಿ. ಕೊಯ್ದು, ಹಿಸುಕಿ, ನೀರಿನಲ್ಲಿ ತೊಳೆಯಿರಿ. ತೇಲುವ ಜಳ್ಳು ಚೆಲ್ಲಿ, ಮುಳುಗಿದ ಬೀಜವನ್ನು ನೆರಳಲ್ಲಿ ಒಣಗಿಸಿ. ಬದನೆ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೂ ದುಂಬಿಗಳಿಂದ ಬೆರಕೆಯಾಗುವುದುಂಟು. ಹಾಗಾಗಿ ಬೀಜದ ಗಿಡದ ಹತ್ತಿರ ಬೇರೆ ತಳಿ ಬೇಡ. ಒಂದೇ ಕಾಯಿಯಲ್ಲಿ ನೂರಾರು ಬೀಜ ಸಿಗುತ್ತವೆ. ನಿಮ್ಮ ಹಿತ್ತಿಲಿಗೆ ಹತ್ತು ಗಿಡ ಸಾಕು. ಉಳಿದ ಬೀಜವನ್ನು ಓಣಿಯವರಿಗೆ, ಬೀಗರಿಗೆ, ಬೇರೆ ಊರಿಗೆ ಕೊಟ್ಟ ಮಗಳಿಗೆ ಹಂಚಿರಿ.