ಕಳೆ ಕೀಳದ ಬೇಸಾಯವೂ ವಿಭಾವನಾಲಂಕಾರವೂ

ವಿಭಾವನಾಲಂಕಾರಕ್ಕೆ ದಂಡಿಯು ಕಾವ್ಯಾದರ್ಶದಲ್ಲಿ ಹೇಳಿರುವ ಲಕ್ಷಣವು ಎರಡು ಕವಲುಳ್ಳದ್ದು. ಪ್ರಸಿದ್ಧವಾದ ಕಾರಣವನ್ನು ಅಲ್ಲಗಳೆದು ಕಾರ್ಯವನ್ನು ವರ್ಣಿಸಿದಲ್ಲಿ, ಬೇರೊಂದು ಕಾರಣವನ್ನಾಗಲಿ, ಆ ಕಾರ್ಯವು ಸ್ವಭಾವಸಿದ್ಧವೆಂಬುದನ್ನಾಗಲಿ ವಾಚಕನು ಊಹಿಸಿಕೊಳ್ಳಬೇಕು. ಸಸ್ಯರೋಗಶಾಸ್ತ್ರದಲ್ಲಿ ಪಳಗಿ, ಬಳಿಕ ಶಿಕೊಕು ದ್ವೀಪದ ತಮ್ಮ ಊರಿನಲ್ಲಿ ಬೇಸಾಯಕ್ಕೆ ನಿಂತ ಜಪಾನಿನ ಮಸನೊಬು ಫುಕುವೊಕರವರು (1913-2008) 1975ರಲ್ಲಿ ಪ್ರಕಟಿಸಿದ, ಕನ್ನಡದಲ್ಲಿ ‘ಒಂದು ಹುಲ್ಲಿನ ಕ್ರಾಂತಿ’ ಎಂದು ಪರಿಚಿತವಾದ ಗ್ರಂಥವನ್ನು ಈ ಲಕ್ಷಣದ ಬೆಳಕಿನಲ್ಲಿ ಪರೀಕ್ಷಿಸುವುದು ಉಚಿತವಾಗಿದೆ. ನೆಲವನ್ನು ಉಳದೆ, ರಾಸಾಯನಿಕ ಗೊಬ್ಬರವನ್ನಾಗಲಿ ತಯಾರಿಸಿದ ಕೊಳೆಗೊಬ್ಬರವನ್ನಾಗಲಿ ಹಾಕದೆ, ಉತ್ತಾಗಲಿ ವಿಷವೆರಚಿಯಾಗಲಿ ಕಳೆ ತೆಗೆಯದೆ, ಕೀಟನಾಶಕಗಳನ್ನು ನೆಚ್ಚದೆ ಬೆಳೆಯುವುದೇ ಅದರ ಚತುಃಸೂತ್ರಿ. ನಾಲ್ಕೂ ನಿಷೇಧರೂಪವಾದವು.

ಇಂತಹ ನಿಷೇಧಗಳನ್ನು ಓದಿದವರು ಲಕ್ಷಣದ ಎರಡನೆಯ ಕವಲನ್ನು ಹಿಡಿದು, ಎಲ್ಲವನ್ನೂ ಪ್ರಕೃತಿಯೇ ಮಾಡುವುದೆಂದು ಭಾವಿಸುವುದು ಸುಲಭ. ಗ್ರಂಥದ ಸಾಕ್ಷ್ಯವಾದರೋ ಅದಕ್ಕೆ ವಿರುದ್ಧವಾಗಿದೆ. ತಂದೆಯ ಕಿತ್ತಳೆಯ ತೋಟವನ್ನು ಸವರದೆ ಬಿಟ್ಟಾಗ ಕೊಂಬೆಗಳು ಹೆಣೆದುಕೊಂಡು ಮರಗಳು ಹಾಳಾದುವೆಂದು ಗ್ರಂಥಕರ್ತರೇ ಒಪ್ಪಿಕೊಂಡು, ಸುಮ್ಮನೆ ಬಿಡುವುದು ಬೇರೆ, ಸಹಜಕೃಷಿ ಬೇರೆ ಎಂದು ವಿಂಗಡಿಸಿದ್ದಾರೆ. ಕಳೆಯನ್ನು ಅಡಗಿಸುವ ಕಾರಣಾಂತರವೂ ಅಲ್ಲಿಯೇ ಉಕ್ತವಾಗಿದೆ: ಬತ್ತದ ಕೊಯ್ಲಿಗೆ ಮೊದಲೇ ಪೈರಿನ ನಡುವೆ ಬಿಳಿ ಕ್ಲೋವರನ್ನೂ ಜವೆಗೋಧಿಯನ್ನೂ ಎರಚುವುದು, ಒಕ್ಕಿದ ಮೇಲೆ ಹುಲ್ಲನ್ನು ಕತ್ತರಿಸದೆ ಗದ್ದೆಯ ತುಂಬ ಹರಡುವುದು. ಇಲ್ಲಿ ‘ಏನೂ ಮಾಡದಿರುವುದು’ ಎಂದರೆ ಕಾಲವರಿತು ಮಾಡುವುದೆಂದೇ ಅರ್ಥ.

ಗೆಡ್ಡೆಗೆಣಸುಗಳ ವಿಷಯದಲ್ಲಿ ಈ ಕಾರಣಾಂತರದ ಮಿತಿಯೂ ಗೋಚರವಾಗುವುದು. ಧಾನ್ಯದ ಹುಲ್ಲಿನ ಹೊದಿಕೆಯು ಬೆಳಕನ್ನು ಮರೆಮಾಡಿ ಕಳೆಯ ಮೊಳಕೆಯನ್ನು ತಡೆಯುವುದು. ರೈ ಧಾನ್ಯದ ಹುಲ್ಲು ಕೊಳೆಯುವಾಗ ಮೊಳಕೆಗಳಿಗೆ ಹಗೆಯಾದ ದ್ರವ್ಯಗಳನ್ನೂ ಬಿಡುವುದು. ಆದರೆ ಕಳೆ ಯಾವುದು, ಬೆಳೆ ಯಾವುದು ಎಂಬ ವಿವೇಕವು ಹೊದಿಕೆಗಿಲ್ಲ. ಬಿತ್ತನೆಯ ಗೆಡ್ಡೆಯಲ್ಲಿ ಆಹಾರವನ್ನು ಕೂಡಿಟ್ಟುಕೊಂಡ ಆಲೂಗಡ್ಡೆಯ ಮೊಳಕೆಯು ಹುಲ್ಲನ್ನು ಸೀಳಿ ಬರಬಲ್ಲುದು. ಕಿರುಬೀಜದ ಗಜ್ಜರಿಯಾದರೋ ದಟ್ಟವಾದ ಹೊದಿಕೆಯಡಿ ಕಳೆಯೊಡನೆ ತಾನೂ ಅಡಗುವುದು. ಇದಕ್ಕನುಗುಣವಾಗಿಯೇ ತರಕಾರಿಯ ಪ್ರಕರಣದಲ್ಲಿ ಗ್ರಂಥಕರ್ತರು ಹುಲ್ಲಿಗಿಂತ ಹೆಚ್ಚಾಗಿ ಕಾಲವನ್ನು ನೆಚ್ಚಿದ್ದಾರೆ. ಬೇಸಗೆಯ ಕಳೆ ಸಾಯುತ್ತಿರುವ, ಚಳಿಗಾಲದ ಕಳೆ ಇನ್ನೂ ಮೊಳೆಯದ ಸಂಧಿಯಲ್ಲಿ ಮೂಲಂಗಿ, ಗಜ್ಜರಿಗಳನ್ನು ಎರಚತಕ್ಕದ್ದು. ಆಲೂಗಡ್ಡೆ ಕೆಸುಗಳು ಕಳೆಗೆ ಸೋಲದ ಬಲಿಷ್ಠ ಸಸ್ಯಗಳು. ನೆಲ ಗಟ್ಟಿಯಾಗಿದ್ದರೆ ಮೊದಲು ಮೂಲಂಗಿಯನ್ನು ಬೆಳೆದು ಅದರ ಬೇರಿನಿಂದಲೇ ಮಣ್ಣನ್ನು ಸಡಿಲಿಸತಕ್ಕದ್ದು.

ಆದುದರಿಂದ ಗ್ರಂಥದ ದೋಷವು ಅದರ ಕೃಷಿಯಲ್ಲಿಲ್ಲ, ಉಕ್ತಿಯಲ್ಲಿದೆ. ಕಾಲ, ಕ್ಲೋವರು, ಬೀಜ, ಕೈಗಳು ಕೂಡಿ ಮಾಡಿದ ಕಾರ್ಯದ ಕೀರ್ತಿಯನ್ನೆಲ್ಲ ಗ್ರಂಥನಾಮವು ಒಂದು ಹುಲ್ಲಿಗೆ ಕೊಟ್ಟಿದೆ. ಕಾವ್ಯದಲ್ಲಿ ವಾಚಕನ ಊಹೆ ತಪ್ಪಿದರೆ ರಸಕ್ಕೆ ಭಂಗ. ಕೃಷಿಗ್ರಂಥದಲ್ಲಿ ತಪ್ಪಿದರೆ ಒಂದು ವರ್ಷದ ಬೆಳೆಗೇ ಭಂಗ. ಹೀಗಿದ್ದರೂ ಆ ನಿಷೇಧಗಳಿಗೆ ಬೆಲೆಯಿಲ್ಲವೆನ್ನಲಾಗದು. ರೂಢಿಯ ಕಾರಣವನ್ನು ಇಲ್ಲವೆಂದು ಹೇಳಿದ ಹೊರತು, ಹುಲ್ಲಿನಡಿ ಅಡಗಿದ ಕಾರಣವನ್ನು ಯಾರೂ ಹುಡುಕರು. ಬಣವೆಗೆ ಹೋಗುವ ಹುಲ್ಲನ್ನು ಗದ್ದೆಯಲ್ಲಿಯೇ ಉಳಿಸಿ ನೋಡುವ ಧೈರ್ಯವನ್ನು ಹುಟ್ಟಿಸಿದ್ದು ಈ ಅಲಂಕಾರವೇ. ಗ್ರಂಥವನ್ನು ಪಾಠ ಹೇಳುವವರು ಅಲಂಕಾರವನ್ನು ಅಲಂಕಾರವೆಂದೇ ತೋರಿಸಿದರೆ ಗ್ರಂಥಕ್ಕೂ ನ್ಯಾಯ, ನೆಲಕ್ಕೂ ನ್ಯಾಯ.