ಕರೆಂಟು ಮುಗಿದ ಮೇಲೆ: ಒಂದು ಹಾಳೆಯ ವಿಮರ್ಶೆ

ವಿಮರ್ಶೆಗೆ ವಸ್ತುವಾಗತಕ್ಕದ್ದು ಕಾವ್ಯ, ನಾಟಕ, ಕಾದಂಬರಿಗಳೇ ಎಂಬ ನಿಯಮವನ್ನು ಯಾರೂ ವಿಧಿಸಿದಂತೆ ಕಾಣೆ. ಮನುಷ್ಯನು ಮನುಷ್ಯನಿಗಾಗಿ ಬರೆದುದು ಯಾವುದೇ ಆಗಲಿ, ಅದು ತಾನು ಉದ್ದೇಶಿಸಿದವರನ್ನು ಮುಟ್ಟಿತೇ, ಹೇಳಬೇಕಾದುದನ್ನು ಹೇಳಿತೇ, ಹೇಳದೆ ಬಿಟ್ಟುದರಿಂದ ಯಾರಿಗೆ ನಷ್ಟವಾಯಿತು ಎಂದು ಕೇಳುವ ಅಧಿಕಾರ ಓದುಗನಿಗೆ ಉಂಟು. ಆ ಅಧಿಕಾರವನ್ನು ಆಶ್ರಯಿಸಿ ನಾನು ಇಲ್ಲಿ ಪರಿಶೀಲಿಸಹೊರಟಿರುವುದು ಒಂದೇ ಒಂದು ಹಾಳೆಯನ್ನು: ಸ್ತನದ ಅರ್ಬುದಕ್ಕೆ ಶಸ್ತ್ರಕ್ರಿಯೆಯಾಗಿ, ಅನಂತರ ವಿಕಿರಣ ಚಿಕಿತ್ಸೆಯ 15 ಸರದಿಗಳನ್ನು ಮುಗಿಸಿದ ನನ್ನ ಚಿಕ್ಕಮ್ಮನ ಕೈಗೆ, ಕೊನೆಯ ದಿನ, ಆಸ್ಪತ್ರೆಯವರು ಇತ್ತ ಸೂಚನಾಪತ್ರವನ್ನು. ಆಸ್ಪತ್ರೆಯ ಹೆಸರು ಅಪ್ರಸ್ತುತ. ಇಂತಹ ಹಾಳೆಗಳನ್ನು ಒಂದೆರಡು ಕಡೆಗಳಿಂದ ತರಿಸಿ ನೋಡಿದ್ದೇನೆ; ಅವೆಲ್ಲ ಒಂದೇ ತಾಯಿಯ ಮಕ್ಕಳಂತಿವೆ.

ಚಿಕ್ಕಮ್ಮ ಇರುವುದು ಠಾಣೆಯ ಬಳಿಯ ಮುಂಬ್ರಾದಲ್ಲಿ. ಮೇಲೆ ಪಾರಸಿಕ ಬೆಟ್ಟ, ಬೆಟ್ಟದ ಮೈಯಲ್ಲಿ ಮುಂಬ್ರಾದೇವಿಯ ಗುಡಿ, ಕೆಳಗೆ ಖಾಡಿ. ನಡುವೆ ಇಕ್ಕಟ್ಟಾಗಿ ನಿಂತ ಕಟ್ಟಡಗಳಲ್ಲೊಂದರ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದು, ಠಾಣೆಯ ಹೊಟೇಲಿನಲ್ಲಿ ದುಡಿದ ಚಿಕ್ಕಪ್ಪನೊಡನೆ ಬಾಳಿದವಳು. ಓದಲು ಬರುವುದು ಕನ್ನಡವೊಂದೇ, ಆಡಲು ಮುಂಬಯಿಯ ಹಿಂದಿಯೂ ಸಾಕಷ್ಟು. ಹಾಳೆಯಿರುವುದು ಇಂಗ್ಲಿಷಿನಲ್ಲಿಯೂ ಮರಾಠಿಯಲ್ಲಿಯೂ. ಪದ್ಯವು ಓದುಗನನ್ನು ತಲುಪದಿದ್ದರೆ ನೋವು ಕವಿಯದು. ಈ ಬಗೆಯ ಗದ್ಯವು ತಲುಪದಿದ್ದರೆ ನೋವು ಓದಬೇಕಾದವಳದು.

ಹಾಳೆಯ ದೋಷಗಳಿಗೆ ಹೋಗುವ ಮೊದಲು, ಅದು ಯಾವ ಚಿಕಿತ್ಸೆಯ ಬಾಲವಾಗಿ ಬಂದಿದೆಯೋ ಆ ಚಿಕಿತ್ಸೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವುದು ನ್ಯಾಯ. ಗಡ್ಡೆಯನ್ನು ಮಾತ್ರ ತೆಗೆದು ಸ್ತನವನ್ನು ಉಳಿಸಿ, ಉಳಿದ ಭಾಗಕ್ಕೆ ವಿಕಿರಣವನ್ನಿತ್ತರೆ, ಇಡಿಯ ಸ್ತನವನ್ನೇ ಕೊಯ್ದು ತೆಗೆದಷ್ಟೇ ಆಯುಷ್ಯ ದೊರೆಯುವುದೆಂದು ಅಮೆರಿಕದ ಬರ್ನಾರ್ಡ್ ಫಿಷರ್ ಮತ್ತು ಅವರ ಸಂಗಡಿಗರು 1976ರಲ್ಲಿ ಆರಂಭಿಸಿದ ಪ್ರಯೋಗವು ಇಪ್ಪತ್ತು ವರ್ಷಗಳ ಫಲಿತಾಂಶದಿಂದ 2002ರಲ್ಲಿ ಸ್ಥಿರಪಡಿಸಿತು. ಅಂತಹ ಶಸ್ತ್ರಕ್ರಿಯೆಯಾದವರಲ್ಲಿ ರೋಗವು ಹತ್ತು ವರ್ಷಗಳೊಳಗೆ ಮರುಕಳಿಸುವ ಪ್ರಮಾಣವು ವಿಕಿರಣವಿಲ್ಲದೆ ನೂರಕ್ಕೆ 35, ವಿಕಿರಣದೊಡನೆ 19 ಎಂದು 17 ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೇಳುತ್ತದೆ. ಹಿಂದೆ 25 ಸರದಿಗಳಲ್ಲಿ, ಐದು ವಾರ ಕೊಡುತ್ತಿದ್ದುದನ್ನು 15 ಸರದಿಗಳಿಗೆ ಇಳಿಸಬಹುದೆಂದು ಬ್ರಿಟನ್ನಿನ ವೈದ್ಯರು ತೋರಿಸಿದರು. 2020ರಲ್ಲಿ ಅವರೇ ಅದನ್ನು ಐದಕ್ಕೆ, ಒಂದೇ ವಾರಕ್ಕೆ, ತಂದು ನಿಲ್ಲಿಸಿದರು. ನಮ್ಮ ಟ್ರಾಂಬೆಯ ಅಣುಶಕ್ತಿ ಸಂಶೋಧಕರು ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ಸ್ವದೇಶದಲ್ಲಿಯೇ ನಿರ್ಮಿಸಿ, ಖಾರಘರದಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಸ್ಥೆಯಲ್ಲಿ ಮೊದಲು ಸ್ಥಾಪಿಸಿದುದೂ ಈ ಕಥೆಗೆ ಸೇರಿದುದೇ.

ಬ್ರಿಟನ್ನಿನಲ್ಲಿ ಇಪ್ಪತ್ತೈದು ಹದಿನೈದಾದುದರ ಅರ್ಥವು ಮುಂಬ್ರಾದಲ್ಲಿ ಇನ್ನೂ ದೊಡ್ಡದು. ವೇಗದ ಲೋಕಲ್ಲುಗಳಲ್ಲಿ ಬಹುಪಾಲು ಈ ನಿಲ್ದಾಣವನ್ನು ಲೆಕ್ಕಕ್ಕಿಡದೆ ನುಗ್ಗಿಹೋಗುತ್ತವೆ. ನಿಧಾನದ ಬಂಡಿ ಬಂದಾಗ ಅದರ ಬಾಗಿಲುಗಳಲ್ಲಿ ಜನ ಜೋತುಬಿದ್ದಿರುತ್ತಾರೆ. 2025ರ ಜೂನ್ 9ರ ಬೆಳಿಗ್ಗೆ ಇದೇ ಮುಂಬ್ರಾದ ಬಳಿ ಹಾಗೆ ಜೋತುಬಿದ್ದವರಲ್ಲಿ ಕೆಲವರು ಹಳಿಗಳ ಮೇಲೆ ಬಿದ್ದು ಪ್ರಾಣ ಕಳೆದುಕೊಂಡರು. ಅಂಗವಿಕಲರ ಡಬ್ಬಿಯಲ್ಲಿ ಅರ್ಬುದರೋಗಿಗಳಿಗೂ ಪ್ರವೇಶವಿದೆಯೆಂಬುದು ದೊಡ್ಡ ಉಪಕಾರ. ಆದರೆ ಹೊರಗಣ್ಣಿಗೆ ಏನೂ ಕಾಣದ ರೋಗವನ್ನು ಹೊತ್ತ ಹೆಂಗಸು ಅಲ್ಲಿ ಪ್ರತಿದಿನವೂ ತನ್ನ ಕಾಗದವನ್ನು ಎತ್ತಿ ತೋರಿಸಬೇಕಾಗುತ್ತದೆ. ಸುಡುವ ಎದೆಯನ್ನು ಸೆರಗಿನಿಂದಲೂ ಮೊಣಕೈಯಿಂದಲೂ ಕಾಯ್ದುಕೊಂಡು ಈ ದಾರಿಯಲ್ಲಿ ಹೋಗಿಬರುವವಳಿಗೆ, ಹತ್ತು ಸರದಿ ಕಡಿಮೆಯಾಯಿತೆಂದರೆ ಇಪ್ಪತ್ತು ಪ್ರಯಾಣ ಉಳಿಯಿತೆಂದು ಅರ್ಥ.

ಇನ್ನು ಹಾಳೆ. ಅದರ ವ್ಯಾಕರಣವೇ ಮೊದಲು ಕಣ್ಣಿಗೆ ಬೀಳುತ್ತದೆ: ಬಹುಪಾಲು ನಿಷೇಧಾರ್ಥಕ ಕ್ರಿಯಾಪದಗಳು. ಉಜ್ಜಬಾರದು, ಬಿಗಿಯಾದುದನ್ನು ಉಡಬಾರದು, ಬಿಸಿಲಿಗೆ ಒಡ್ಡಬಾರದು, ಎಣ್ಣೆ ಹಚ್ಚಬಾರದು, ಭಾರ ಎತ್ತಬಾರದು. ಒಂದೊಂದೂ ತನ್ನ ಸ್ಥಾನದಲ್ಲಿ ಸಮಂಜಸವೇ. ಆದರೆ ಯಾವ ನಿಷೇಧಕ್ಕೂ ಅವಧಿಯಿಲ್ಲ, ಕಾರಣವಿಲ್ಲ. ಕಾರಣವಿಲ್ಲದ ನಿಷೇಧವನ್ನು ನಮ್ಮ ಹೆಂಗಸರು ವ್ರತವೆಂದೇ ಸ್ವೀಕರಿಸುತ್ತಾರೆ. ವ್ರತಕ್ಕಾದರೂ ಉದ್ಯಾಪನೆಯ ದಿನವೊಂದಿರುತ್ತದೆ.

ಚರ್ಮದ ವಿಷಯವನ್ನೇ ತೆಗೆದುಕೊಳ್ಳೋಣ. ಚರ್ಮವು ಕೆಂಪಾದರೆ ತಿಳಿಸಿ ಎಂದು ಹಾಳೆ ಹೇಳುತ್ತದೆ. ಚಿಕ್ಕಮ್ಮನ ಚರ್ಮ ಕೆಂಪಾಗಲೇ ಇಲ್ಲ. ಅವಳದು ಕರಾವಳಿಯ ಎಣ್ಣೆಗಪ್ಪು ಮೈ. ಅಲ್ಲಿ ಬಿದ್ದ ಕಿರಣ ಕೆಂಪನ್ನು ಮೂಡಿಸದೆ ಕಪ್ಪನ್ನು ಇಮ್ಮಡಿಸಿತು, ಕಾವಲಿಯ ತಳದಂತೆ. ಕೆಂಪಾಗಲಿಲ್ಲವಾದುದರಿಂದ ಅವಳು ತಿಳಿಸಲಿಲ್ಲ. ಬಿಳಿಯರ ಮೈಯನ್ನು ಎದುರಿಗಿಟ್ಟುಕೊಂಡು ಬರೆದ ಯಾವುದೋ ಪುಸ್ತಕದಿಂದ ಆ ಒಂದು ವಿಶೇಷಣವು ವಿಮರ್ಶೆಯಿಲ್ಲದೆ ಇಳಿದುಬಂದು, ಓದುವವಳ ಮೈಬಣ್ಣವನ್ನು ಕೇಳದೆ ಹಾಳೆಯಲ್ಲಿ ಕುಳಿತುಬಿಟ್ಟಿದೆಯೆಂದು ನನ್ನ ಊಹೆ. ಇದಕ್ಕಿಂತ ದೊಡ್ಡ ಲೋಪ ಕಾಲದ್ದು. ಚರ್ಮದ ಬೇಗೆಯು ಅತ್ಯಧಿಕವಾಗುವುದು ಚಿಕಿತ್ಸೆ ನಡೆಯುವಾಗಲ್ಲ, ಮುಗಿದ ಒಂದೆರಡು ವಾರಗಳಲ್ಲಿ. ಕಂಕುಳಿನ ಮಡಿಕೆಯಲ್ಲಿಯೂ ಸ್ತನದ ಕೆಳಗಣ ಮಡಿಕೆಯಲ್ಲಿಯೂ ಚರ್ಮ ಸುಲಿದು ಒಸರುವುದು ಆಗಲೇ. ವೈದ್ಯರನ್ನು ಪ್ರತಿದಿನವೂ ಕಾಣುತ್ತಿದ್ದಾಗ ಇಲ್ಲದ ಗಾಯವು ಕಾಣುವುದು ನಿಂತ ಮೇಲೆ ಬಂದರೆ, ಏನೋ ಕೆಟ್ಟುಹೋಯಿತೆಂದು ಹೆದರುವುದು ಸಹಜವಲ್ಲವೇ? ಒಂದೇ ಒಂದು ವಾಕ್ಯವು ಆ ಹದಿನೈದು ರಾತ್ರಿಗಳ ದಿಗಿಲನ್ನು ತಪ್ಪಿಸುತ್ತಿತ್ತು.

ಅರಿಸಿನದ ಮಾತೂ ಇಲ್ಲಿಯೇ ಬರಬೇಕು. ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನವರು ತಲೆ ಕುತ್ತಿಗೆಗಳ ಅರ್ಬುದಕ್ಕೆ ವಿಕಿರಣ ಪಡೆಯುತ್ತಿದ್ದವರಲ್ಲಿ ಅರಿಸಿನ ಶ್ರೀಗಂಧಗಳ ಲೇಪವೊಂದನ್ನು ಪರೀಕ್ಷಿಸಿ, ಅದು ಬೇಗೆಯನ್ನು ತಗ್ಗಿಸಿತೆಂದು 2014ರಲ್ಲಿ ಪ್ರಕಟಿಸಿದರು. ಪರೀಕ್ಷೆಗೊಳಗಾದವರು ಕೆಲವರೇ, ಆದರೂ ಕೇಳಲು ಹಿತವಾದ ಸುದ್ದಿ. ಹಾಗೆಂದು ಅಡಿಗೆಮನೆಯ ಡಬ್ಬಿಯಿಂದ ತೆಗೆದ ಅರಿಸಿನವನ್ನು ಒಸರುವ ಗಾಯಕ್ಕೆ ಮೆತ್ತುವುದು ಆ ಪರೀಕ್ಷೆಯ ಅರ್ಥವಲ್ಲ. ಈ ಭೇದವನ್ನು ವಿವರಿಸದೆ ಏನನ್ನೂ ಹಚ್ಚಬಾರದೆಂದು ಮಾತ್ರ ಬರೆದರೆ ಅರಿಸಿನ ಹಚ್ಚೆನ್ನುವ ಅಜ್ಜಿಯ ಮಾತೇ ಗೆಲ್ಲುತ್ತದೆ.

ಭಾರ ಎತ್ತಬಾರದೆಂಬ ಸಾಲು ಅತ್ಯಂತ ಹಾನಿಕರವಾದುದು. ಕಂಕುಳಿನ ಗ್ರಂಥಿಗಳನ್ನು ತೆಗೆದು ಆ ಪ್ರದೇಶಕ್ಕೆ ವಿಕಿರಣವನ್ನೂ ಕೊಟ್ಟಾಗ, ದುಗ್ಧರಸವು ಹರಿದುಹೋಗುವ ದಾರಿ ಕೆಟ್ಟು ಕೈ ಊದಿಕೊಳ್ಳುವ ಸಂಭವ ಉಂಟು. ಆದುದರಿಂದ ಆ ಕೈಯನ್ನು ಗಾಯ, ಸುಟ್ಟ ಬೊಬ್ಬೆ, ಸೋಂಕುಗಳಿಂದ ಕಾಯಬೇಕೆಂಬುದು ನಿಜ. ಆದರೆ ಕಾಯುವುದು ಬೇರೆ, ಕಟ್ಟಿಹಾಕುವುದು ಬೇರೆ. ತಜ್ಞರ ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ತೂಕವನ್ನು ಏರಿಸುತ್ತ ವ್ಯಾಯಾಮ ಮಾಡಿದವರಲ್ಲಿ ಬಾವು ಹೆಚ್ಚಲಿಲ್ಲ, ಅದು ಉಲ್ಬಣಿಸಿದ ಸಂದರ್ಭಗಳು ಕಡಿಮೆಯೇ ಆದುವು ಎಂದು ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು 141 ಹೆಂಗಸರ ಮೇಲೆ ನಡೆಸಿದ ಅಧ್ಯಯನವು 2009ರಲ್ಲಿಯೇ ತೋರಿಸಿತು. ಚಿಕ್ಕಮ್ಮನಾದರೋ ಎಂಟು ತಿಂಗಳ ಕಾಲ ಎಡಗೈಯನ್ನು ಮುರಿದ ರೆಕ್ಕೆಯಂತೆ ಮೈಗೆ ಅಂಟಿಸಿಕೊಂಡಿದ್ದಳು. ಹೆಗಲು ಮರಗಟ್ಟಿ, ತಲೆ ಬಾಚಲು ಸೊಸೆ ಬೇಕಾಯಿತು. ಗೋಡೆಯೆದುರು ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೇರಿಸುವ ಅಭ್ಯಾಸವನ್ನು ಅವಳಿಗೆ ಕಲಿಸಿದುದು ಹಾಳೆಯಲ್ಲ, ಮರುತಪಾಸಣೆಯ ಸರದಿಸಾಲಿನಲ್ಲಿ ಮುಂದೆ ಕುಳಿತಿದ್ದ ಕಲ್ಯಾಣದ ಒಬ್ಬ ಹೆಂಗಸು. ಇನ್ನು ನೀರು ತುಂಬಿದ ಹಂಡೆಯನ್ನು ಎರಡು ತಿಂಗಳು ಒಳಗೆ ತಂದಿಟ್ಟವಳು ಪಕ್ಕದ ಮನೆಯ ಖಾಲಾ; ಆ ಉಪಕಾರದ ಮುಂದೆ ಎಂತಹ ಸೂಚನಾಪತ್ರವೂ ಚಿಕ್ಕದೇ.

ಆ ಖಾಲಾಳ ಬಾಯಲ್ಲಿ ವಿಕಿರಣಕ್ಕೆ ಹೆಸರು ಸಿಕಾಯಿ, ಎಂದರೆ ಶಾಖ ಕೊಡುವುದು. ನಮ್ಮವರದು ಕರೆಂಟು. ಮೊದಲನೆಯ ಮಾತಿನಲ್ಲಿ ಬಾಣಂತಿಯ ಕೋಣೆಯ ಬಿಸುಪಿದೆ, ಎರಡನೆಯದರಲ್ಲಿ ಅಪಾಯದ ತಲೆಬುರುಡೆಯ ಫಲಕ. ಹೆಸರಿನ ಪ್ರಭಾವ ಸಾಮಾನ್ಯವಲ್ಲ: ಕರೆಂಟು ಕೊಡಿಸಿಕೊಂಡವಳೆಂದು ಮೊಮ್ಮಗನನ್ನು ಅವಳ ಮಗ್ಗುಲಲ್ಲಿ ಮಲಗಿಸುವುದನ್ನು ಮನೆಯವರು ನಿಲ್ಲಿಸಿದ್ದರು. ಹೊರಗಿನ ಯಂತ್ರದಿಂದ ಕೊಡುವ ಈ ಕಿರಣವು ಯಂತ್ರ ನಿಂತೊಡನೆ ಇಲ್ಲವಾಗುತ್ತದೆ, ದೀಪವಾರಿಸಿದ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಅದೇ ಸಂಜೆ ಮಗುವನ್ನು ಎತ್ತಿ ಮುದ್ದಿಸಬಹುದು. ಇದನ್ನು ಹೇಳದ ಹಾಳೆಯು ಎಣ್ಣೆ ಸಾಬೂನುಗಳ ವಿಷಯದಲ್ಲಿ ಎಷ್ಟು ನಿಷ್ಕೃಷ್ಟವಾಗಿದ್ದರೇನು?

ದಣಿವಿನ ಬಗೆಗೆ ಅಲ್ಲಿರುವುದು ವಿಶ್ರಾಂತಿ ಪಡೆಯಿರಿ ಎಂಬ ಎರಡು ಶಬ್ದಗಳು. “ಕರೆಂಟ್ ಎಲ್ಲ ಮುಗ್ದ್ ಹೋಯ್ತ್ ಮಗಾ, ಸುಸ್ತ್ ಮಾತ್ರ ಈಗ ಶುರು ಆಯ್ತ್” ಎಂದು ಚಿಕ್ಕಮ್ಮ ಹೇಳಿದಾಗ ನಾನೂ ಮಲಗಿಕೋ ಎಂದೆನಲ್ಲದೆ ಬೇರೇನನ್ನೂ ಹೇಳಲಿಲ್ಲ. ಅದು ಮಲಗಿದರೆ ತೀರುವ ದಣಿವಲ್ಲ. ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವಂತಹುದು, ಪ್ರತಿದಿನ ಸ್ವಲ್ಪ ನಡೆದಾಡಿದರೆ ಹಗುರವಾಗುವಂತಹುದು. ಗುಣವಾಯಿತಲ್ಲ, ಇನ್ನೇಕೆ ಕುಳಿತಿದ್ದಾಳೆ ಎಂದು ಮನೆಯವರು ಗೊಣಗುವುದು ಈ ಹಂತದಲ್ಲಿಯೇ. ಎರಡು ತಿಂಗಳ ಮೇಲೆ ಬರಬಹುದಾದ ಒಣಕೆಮ್ಮು, ಏದುಸಿರುಗಳ ಮಾತನ್ನೂ ಹಾಳೆ ಎತ್ತುವುದಿಲ್ಲ. ಪುಪ್ಪುಸದ ಅಂಚಿಗೆ ಕಿರಣ ತಾಗಿದ ಕೆಲವರಿಗೆ ಅದು ಬರುತ್ತದೆ, ಔಷಧಕ್ಕೆ ಬಗ್ಗುತ್ತದೆ. ಆದರೆ ಬೀದಿಯ ವೈದ್ಯರು ಕ್ಷಯವನ್ನು ಶಂಕಿಸುವುದು ಸಹಜವಾದುದರಿಂದ, ತನಗೆ ವಿಕಿರಣವಾಗಿತ್ತೆಂದು ಹೇಳಲು ರೋಗಿಗೆ ತಿಳಿದಿರಬೇಕು.

ಇಡಿಯ ಹಾಳೆಯಲ್ಲಿ ಸ್ತನ ಎಂಬ ಶಬ್ದ ಒಂದು ಸಲವೂ ಇಲ್ಲ. ‘ಚಿಕಿತ್ಸೆಯ ಭಾಗ’ ಎಂದಿದೆ. ಉಳಿಸಿದ ಸ್ತನ ಮೊದಲಿನಂತಿರುವುದಿಲ್ಲ. ಕುಗ್ಗಬಹುದು, ಗಟ್ಟಿಯಾಗಬಹುದು, ವರ್ಷ ಕಳೆದರೂ ಒಮ್ಮೊಮ್ಮೆ ಚುಳುಕೆನ್ನಬಹುದು. ರವಿಕೆಯ ಅಳತೆ ಎರಡು ಬದಿಗೆ ಎರಡಾದುದನ್ನು ದರ್ಜಿಗೆ ಹೇಳುವುದು ಹೇಗೆಂಬುದು ಚಿಕ್ಕಮ್ಮನ ನಿಜವಾದ ಸಮಸ್ಯೆಯಾಗಿತ್ತು. ಅವಳು ಹಳೆಯ ರವಿಕೆಗಳನ್ನೇ ಒಳಗಿನಿಂದ ಹಿಡಿದು ತಾನೇ ಹೊಲಿದುಕೊಂಡಳು. ಇಂತಹ ಮೌನವನ್ನು ಮುರಿಯಲು ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡ್ 1980ರಲ್ಲಿ ತನ್ನ ದಿನಚರಿಯನ್ನು ಪ್ರಕಟಿಸಿ, ಕೃತಕ ಸ್ತನವನ್ನು ಧರಿಸಲು ಒಲ್ಲೆನೆಂದು ಬಹಿರಂಗವಾಗಿ ಸಾರಿದಳು. ನಮ್ಮಲ್ಲಿ ಭಾರತಿ ಬಿ.ವಿ. ಅವರು ತಮ್ಮ ಸ್ತನದ ಅರ್ಬುದದ ಅನುಭವವನ್ನು ‘ಸಾಸಿವೆ ತಂದವಳು’ ಎಂದು ಬರೆದರು; ಸಾಸಿವೆ ಸಿಕ್ಕದೆ ಹಿಂದಿರುಗಿದ ಕಿಸಾಗೋತಮಿಯ ಕಥೆಯನ್ನು ಶೀರ್ಷಿಕೆಯಲ್ಲಿಯೇ ತಿರುಗಿಸಿಟ್ಟ ಪುಸ್ತಕವದು. ಆ ಬಗೆಯ ಬರೆವಣಿಗೆಯನ್ನು ಓದಿದ ಒಬ್ಬರಾದರೂ ಈ ಸೂಚನಾಪತ್ರಗಳನ್ನು ಬರೆಯುವ ಸಮಿತಿಯಲ್ಲಿ ಕುಳಿತಿದ್ದರೆ ಎಷ್ಟು ಚೆನ್ನಾಗಿತ್ತೆಂದು ನನಗೆ ಅನ್ನಿಸಿದುದುಂಟು.

ಹಾಳೆಯಲ್ಲಿ ಸುಳ್ಳಿಲ್ಲ, ಆದರೆ ಅದು ಚಿಕಿತ್ಸೆಯ ಕೊನೆಯ ದಿನವನ್ನೇ ಕಷ್ಟದ ಕೊನೆಯ ದಿನವೆಂದು ಎಣಿಸಿದೆ, ಮತ್ತು ಹೊತ್ತು ತರಬೇಕಾದ ನೀರು, ಮೂರು ಮಹಡಿ, ಲೋಕಲ್ ಬಂಡಿ ಯಾವುದೂ ಇಲ್ಲದ ಒಬ್ಬ ಕಲ್ಪಿತ ಸ್ತ್ರೀಯನ್ನು ಉದ್ದೇಶಿಸಿ ಮಾತಾಡಿದೆ. ತಿದ್ದುವುದು ದುಸ್ಸಾಧ್ಯವಲ್ಲ; ಹಾಳೆಯ ಹಿಂಬದಿ ಪೂರ್ತಿ ಖಾಲಿಯಿದೆ, ಅಲ್ಲಿ ಚಿಕ್ಕಮ್ಮ ಹಾಲಿನ ಲೆಕ್ಕ ಬರೆದಿದ್ದಾಳೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವಕ್ಕೆ ಸ್ಮರಣಸಂಚಿಕೆಗಳನ್ನು ತರುತ್ತವೆ. ಅವುಗಳಲ್ಲಿ ಜಾಹೀರಾತಿನ ಪುಟಗಳಿಗೆ ಕೊರತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಅಂತಹ ಒಂದು ಪುಟವನ್ನು ಬಿಟ್ಟುಕೊಟ್ಟು, ನುರಿತ ವೈದ್ಯರೊಬ್ಬರಿಂದಲೂ ಈ ದಾರಿಯಲ್ಲಿ ನಡೆದುಬಂದ ಹೆಂಗಸೊಬ್ಬಳಿಂದಲೂ ಕೂಡಿ ಬರೆಸಿ, ಕತ್ತರಿಸಿ ಗೋಡೆಗೆ ಅಂಟಿಸಬಹುದಾದ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಅಚ್ಚುಹಾಕಿಸಲಿ ಎಂದು ಕೇಳಿಕೊಳ್ಳುತ್ತೇನೆ.